ಶಾಲೆಯ ಖೋಖೋ ಅಂಕಣಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ಗದಗ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೈದಾನ ಅಪ್ಪಟ ಎರೆ ಭೂಮಿ. ಮಳೆಗಾಲದಲ್ಲಿ ಹೆಜ್ಜೆಗೊಂದು ಹೆಂಟೆ ಕೆಸರು ಕಾಲಿಗೆ ಹತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಗುವಿನ ಪಾದ ಸಿಕ್ಕಿಕೊಳ್ಳುವಷ್ಟು ನೆಲ ಬಿರಿಯುತ್ತದೆ. ಆಟದ ಅವಧಿಯಲ್ಲಿ ಇರುವ ಒಂದೇ ಬ್ಯಾಟು ಹಿಡಿದು ಹತ್ತು ಹನ್ನೆರಡು ಹುಡುಗರು ಮೂಲೆಯಲ್ಲಿ ಆಡುತ್ತಾರೆ; ಉಳಿದವರು, ಅದರಲ್ಲೂ ಹೆಣ್ಣುಮಕ್ಕಳು, ಬೇವಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ.

ಇವರಿಗೆ ಆಸಕ್ತಿಯೇ ಇಲ್ಲವೆಂದು ನಾವೂ ನಂಬಿದ್ದೆವು. ಆಡಿದವರಿಗೆಲ್ಲ ಪೆನ್ನು ಕೊಡುತ್ತೇವೆಂದಾಗ ಕಟ್ಟೆ ಖಾಲಿಯಾಯಿತು. ಪೆನ್ನು ತೀರಿದ ವಾರವೇ ಮತ್ತೆ ತುಂಬಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ, ಒಗಟು ಬಿಡಿಸಲು ಹಣ ಪಡೆದ ಕಾಲೇಜು ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನಲ್ಲಿ ಅದರತ್ತ ಹೊರಳುವುದು ಕಡಿಮೆಯಾಗಿತ್ತು. ಮುಂದೆ ಡೆಸಿಯವರು ರಿಚರ್ಡ್ ರಯಾನ್ ಅವರೊಡನೆ ರೂಪಿಸಿದ ಸಿದ್ಧಾಂತದ ಪ್ರಕಾರ, ಒಳಗಿನಿಂದ ಹುಟ್ಟುವ ಉತ್ಸಾಹ ಉಳಿಯಲು ಆಯ್ಕೆ ತನ್ನದೆಂಬ ಭಾವ, ತನ್ನ ಕೈಲಾಗುತ್ತದೆಂಬ ಧೈರ್ಯ, ಜೊತೆಯವರೊಡನೆ ನಂಟು, ಈ ಮೂರೂ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಾದ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿ ಅಷ್ಟನ್ನು ಮುಟ್ಟಿರಲಿಲ್ಲ.

ಕಳೆದ ಜನವರಿಯಲ್ಲಿ ಗುಡಿಯ ಅಂಗಳದಲ್ಲಿ ಖೋಖೋ ಆಟಕ್ಕೆ ಸುಣ್ಣದ ಗೆರೆ ಎಳೆದು, ತಂಡಗಳನ್ನು ಮಕ್ಕಳೇ ಕಟ್ಟಿಕೊಳ್ಳಲೆಂದು ಬಿಟ್ಟೆವು. ಆಟದ ಅವಧಿ ಬಂದರೆ ಹೊಟ್ಟೆನೋವೆನ್ನುತ್ತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು, ಗಂಟೆ ಬಾರಿಸಿದ ಮೇಲೂ ಲಂಗದ ಧೂಳು ಕೊಡವುತ್ತ ನಿಂತು, "ಸರ್, ಇನ್ನೊಂದ ಸಲ ಆಡ್ತೇವ್ರಿ" ಎಂದಳು.

ದಾನಿಗಳು ಸಾಮಾನ್ಯವಾಗಿ ಕಪ್ಪು, ಢಾಲು ಕೊಡಲು ಮುಂದಾಗುತ್ತಾರೆ. ಅವುಗಳ ಮೇಲೆ ಹೆಸರು ಕೆತ್ತಿಸಬಹುದು, ಮಣ್ಣಿನ ಮೇಲೆ ಆಗದು. ಆದರೂ ನಾವು ಬೇಡುತ್ತಿರುವುದು ಮಣ್ಣನ್ನೇ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣಕ್ಕೆ ಅರ್ಧ ಅಡಿ ತುಂಬಲು ಸುಮಾರು 22 ಟ್ರ್ಯಾಕ್ಟರ್ ಗರಸು ಮತ್ತು ಕೆಂಪು ಮಣ್ಣು ಬೇಕು. ಬಿದ್ದರೆ ಮೊಣಕಾಲು ತರಚದಂತೆ ಮೇಲಿನ ಪದರಕ್ಕೆ ಜರಡಿ ಹಿಡಿದ ಮಣ್ಣನ್ನೇ ಹಾಕಬೇಕು. ಇದರೊಂದಿಗೆ ರೋಲರ್ ಬಾಡಿಗೆ, ಎರಡು ಕಂಬ, ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿರುವ ಬಾಗಿಲು.

ಹಣ, ಮಣ್ಣು, ಟ್ರ್ಯಾಕ್ಟರ್ ಬಾಡಿಗೆ, ಶ್ರಮ ಯಾವುದನ್ನಾದರೂ ಮುಖ್ಯೋಪಾಧ್ಯಾಯರ ಕಚೇರಿಯಲ್ಲಿ ತಿಳಿಸಿ, ರಸೀದಿ ಪಡೆಯಬೇಕಾಗಿ ವಿನಂತಿ. ಲೆಕ್ಕಪತ್ರವನ್ನು ಪ್ರತಿ ತಿಂಗಳು ಶಾಲೆಯ ಸೂಚನಾ ಫಲಕದಲ್ಲಿ ಹಚ್ಚುತ್ತೇವೆ. ಮುಂಗಾರು ಬಿದ್ದರೆ ಎರೆ ನೆಲದೊಳಗೆ ಟ್ರ್ಯಾಕ್ಟರ್ ಇಳಿಯದಾದ್ದರಿಂದ ಮೇ ತಿಂಗಳೊಳಗೆ ಕೆಲಸ ಮುಗಿಸಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಹಳೆಯ ವಿದ್ಯಾರ್ಥಿಗಳ ಸಂಘ