ಶುಲ್ಕ ಏರಿದ್ದು ಯಾಕೆ, ಚಿತ್ರ ಅಂದೇ ಕೊಡದಿರುವುದು ಯಾಕೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಜೂನ್ 1ರಿಂದ ನಮ್ಮ ಭಾನುವಾರದ ಪೋರಿಂಗ್ ಕ್ಲಾಸಿನಲ್ಲಿ, ಅಂದರೆ ಕ್ಯಾನ್ವಾಸಿನ ಮೇಲೆ ಬಣ್ಣ ಸುರಿದು ಚಿತ್ರ ಮಾಡುವ ಕ್ಲಾಸಿನಲ್ಲಿ, ಎರಡು ಬದಲಾವಣೆ ಆಗುತ್ತಿವೆ. 12 ಅಂಗುಲದ ಚೌಕ ಕ್ಯಾನ್ವಾಸಿನ ಶುಲ್ಕ 1,200 ರೂಪಾಯಿಯಿಂದ 1,550ಕ್ಕೆ ಏರುತ್ತದೆ. ಜೊತೆಗೆ, ನೀವು ಮಾಡಿದ ಚಿತ್ರವನ್ನು ಅಂದೇ ಕೈಗೆ ಕೊಟ್ಟು ಕಳಿಸುವುದಿಲ್ಲ. ಮಳೆಗಾಲದಲ್ಲಿ ಅದು ಮೂರು ವಾರ ನಮ್ಮಲ್ಲೇ ಒಣಗುತ್ತದೆ, ಬೇಸಿಗೆಯಲ್ಲಾದರೆ ಹತ್ತು ದಿನ. ಈಗಾಗಲೇ ದುಡ್ಡು ಕಟ್ಟಿ ಸೀಟು ಕಾದಿರಿಸಿದವರಿಗೆ ಹಳೆಯ ದರವೇ.

ಇದರಿಂದ ಹಲವರಿಗೆ ಬೇಸರವಾಗಿದೆ, ಗೊತ್ತು. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮಾತುಗಳನ್ನೆಲ್ಲ ಓದಿದ್ದೇವೆ. ಒಂದು ಚಿತ್ರಕ್ಕಾಗಿ ಮಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡೆರಡು ಸಲ ಬರಬೇಕಲ್ಲ, ಆ ತೊಂದರೆಗೆ ಮನಸಾರೆ ಕ್ಷಮೆ ಕೇಳುತ್ತೇವೆ. ಶುಲ್ಕದ ಬಗ್ಗೆ ಮಾತ್ರ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇವೆ.

ಕುಂಚ ಹಿಡಿದು ಮಾಡುವ ಚಿತ್ರಕ್ಕೂ ಸುರಿದು ಮಾಡುವ ಚಿತ್ರಕ್ಕೂ ಬಣ್ಣದ ಖರ್ಚಿನಲ್ಲಿ ಅಜಗಜಾಂತರ. 12 ಅಂಗುಲದ ಚೌಕಕ್ಕೆ ಕಲಸಿದ ಬಣ್ಣ ಸುಮಾರು 170ರಿಂದ 200 ಮಿಲಿ ಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪುಟ್ಟ ಬಾಟಲಿಯಲ್ಲಿ ಇರುವುದು 15 ಮಿಲಿ. ಸುರಿದದ್ದೆಲ್ಲ ಕ್ಯಾನ್ವಾಸಿನ ಮೇಲೆ ನಿಲ್ಲುವುದೂ ಇಲ್ಲ. ಬಣ್ಣ ನಾಲ್ಕೂ ಮೂಲೆಗೆ ಹರಿಯಲಿ ಅಂತ ಓರೆ ಮಾಡುವಾಗ ಒಂದಷ್ಟು ಅಂಚಿನಿಂದ ಕೆಳಗಿನ ಟ್ರೇಗೆ ಇಳಿಯುತ್ತದೆ. ಇಳಿಯಲೇಬೇಕು. ಪದರ ದಪ್ಪವಾದರೆ ಮೇಲೆ ಬೇಗ ಕೆನೆ ಕಟ್ಟಿ, ಒಳಗಿನದು ಆಮೇಲೆ ಕುಗ್ಗಿ, ಮೈಯೆಲ್ಲ ಬಿರುಕು ಬಿಡುತ್ತದೆ.

"ಟ್ರೇಗೆ ಬಿದ್ದ ಬಣ್ಣವನ್ನೇ ಮುಂದಿನ ಬ್ಯಾಚಿಗೆ ಬಳಸ್ತೀರಿ, ಮತ್ಯಾಕೆ ರೇಟು ಏರಿಸ್ತೀರಿ?" ಅಂತ ಒಬ್ಬರು ಬರೆದಿದ್ದರು. ಓದಿ ನೋವಾಯಿತು. ಟ್ರೇಗೆ ಇಳಿದದ್ದು ನಾಲ್ಕೈದು ಬಣ್ಣ ಬೆರೆತು ಬೂದುಗಂದಾಗಿರುತ್ತದೆ. ಅದು ಇನ್ನೊಬ್ಬರ ಕಪ್‌ಗೆ ಒಂದು ಸಲವೂ ಹೋಗಿಲ್ಲ, ಹೋಗುವುದೂ ಇಲ್ಲ. ಮೋರಿಗೂ ಚೆಲ್ಲುವುದಿಲ್ಲ. ನಾವು ಬಳಸುವುದು ಅಕ್ರಿಲಿಕ್ ಬಣ್ಣ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ ತಾನೆ, ಪೈಪಿನೊಳಗೆ ಅಂಟಿ ಗಟ್ಟಿಯಾಗುತ್ತದೆ. ಟ್ರೇನಲ್ಲೇ ಒಣಗಿಸಿ, ಸುಲಿದು, ಕಸಕ್ಕೆ ಹಾಕುತ್ತೇವೆ. ಹೀಗೆ ಸುಲಿಯುವ ಪ್ರತಿ ತುಂಡಿಗೂ ನಾವು ದುಡ್ಡು ಕೊಟ್ಟಿರುತ್ತೇವೆ.

ಇನ್ನು ಮೀಡಿಯಂ, ಅಂದರೆ ಬಣ್ಣ ಸರಾಗವಾಗಿ ಹರಿಯಲಿ ಅಂತ ಬೆರೆಸುವ ದ್ರವ. ಬಣ್ಣ ತೆಳ್ಳಗಾಗಲು ನೀರು ಸಾಕಲ್ವಾ ಅಂತ ಕೇಳುವವರಿದ್ದಾರೆ. ಬಣ್ಣದ ಪುಡಿಯನ್ನು ಹಿಡಿದಿಡುವುದು ಅದರಲ್ಲಿರುವ ಅಕ್ರಿಲಿಕ್ ಅಂಟು. ನೀರು ಜಾಸ್ತಿಯಾದರೆ ಆ ಹಿಡಿತ ಸಡಿಲವಾಗುತ್ತದೆ. ಬಿಳಿ ಗೋಂದು ಬೆರೆಸುವ ಅಗ್ಗದ ದಾರಿ ಇದೆ. ಮನೆಯಲ್ಲಿ ಅಭ್ಯಾಸ ಮಾಡಲು ಪರವಾಗಿಲ್ಲ. ಆದರೆ ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ. ನಮ್ಮೂರ ಗಾಳಿಯಲ್ಲಿ ಗೋಂದು ತೇವ ಹೀರಿ ಮೆತ್ತಗಾಗುತ್ತದೆ. ಹಾಗಾಗಿ ನಾವು ಹಾಕುವುದು ಪೋರಿಂಗ್ ಮೀಡಿಯಂ ಮಾತ್ರ. ಒಂದು ಪಾಲು ಬಣ್ಣಕ್ಕೆ ಅದು ಎರಡು ಪಾಲು ಬೇಕು. ಹೊರದೇಶದ ಮಾಲು. ಅದರ ಬೆಲೆಯೂ ಏರಿದೆ, ಕೊರಿಯರ್ ಚಾರ್ಜೂ ಏರಿದೆ. ಏರಿಸಿದವರು ನಾವಲ್ಲ, ಬೈಗುಳ ಮಾತ್ರ ನಮಗೆ.

ಈಗ ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ಮಾತಿಗೆ ಬರುತ್ತೇವೆ. "ಸುಮ್ನೆ ಬಣ್ಣ ಸುರಿಯೋದು ತಾನೆ? ಅದೃಷ್ಟ ಇದ್ರೆ ಚೆನ್ನಾಗಿ ಬರುತ್ತೆ. ಅದಕ್ಕೆ ಇಷ್ಟು ದುಡ್ಡಾ?"

ಸುರಿಯುವುದು ಐದು ನಿಮಿಷದ ಕೆಲಸ, ನಿಜ. ಆದರೆ ನೀವು ಬರುವ ಹೊತ್ತಿಗೆ ಮೇಜಿನ ಮೇಲಿರುವ ಕಪ್‌ಗಳಲ್ಲಿ ಬಣ್ಣವನ್ನು ಹಿಂದಿನ ರಾತ್ರಿಯೇ ಕಲಸಿ ಮುಚ್ಚಿಟ್ಟಿರುತ್ತೇವೆ, ಒಳಗಿನ ಗುಳ್ಳೆಗಳೆಲ್ಲ ಹೋಗಲಿ ಅಂತ. ಹದ ಪ್ರತಿ ಬಣ್ಣಕ್ಕೂ ಬೇರೆ. ಕಡ್ಡಿಯಿಂದ ಎತ್ತಿದರೆ ಕಡಿಯದೆ ದಾರವಾಗಿ ಇಳಿಯಬೇಕು, ಇಳಿದ ಗೆರೆ ಒಂದೆರಡು ಕ್ಷಣ ಮೇಲೆ ನಿಂತು ಆಮೇಲೆ ಕರಗಬೇಕು. ನೀರ್ ದೋಸೆ ಹಿಟ್ಟಿನಷ್ಟು ತೆಳ್ಳಗಾಯಿತೋ, ಬಣ್ಣಗಳು ಒಂದರೊಳಗೊಂದು ಕದಡಿ ಹೋಗುತ್ತವೆ.

ಎಲ್ಲರೂ ಫೋಟೋ ತೆಗೆಯುವ ಆ ದುಂಡು ದುಂಡು ಕಣ್ಣುಗಳು, ಸೆಲ್ ಅನ್ನುತ್ತೇವಲ್ಲ, ಅವೂ ಅದೃಷ್ಟದಿಂದ ಬರುವುದಿಲ್ಲ. ಟೈಟೇನಿಯಂ ಬಿಳಿಯ ಪುಡಿ ನೀರಿಗಿಂತ ನಾಲ್ಕು ಪಟ್ಟು ಭಾರ. ಕರಿ ಬಣ್ಣದಲ್ಲಿರುವ ಇಂಗಾಲದ ಪುಡಿ ಸುಮಾರು ಎರಡು ಪಟ್ಟು ಅಷ್ಟೇ. ಭಾರದ ಬಣ್ಣ ಮೇಲೆ ಇದ್ದರೆ ಕೆಳಗೆ ಇಳಿಯುತ್ತದೆ, ಹಗುರವಾದದ್ದು ಸಂದಿ ಮಾಡಿಕೊಂಡು ಮೇಲೆ ಬರುತ್ತದೆ. ಆ ಜಾಗದಲ್ಲೇ ಕಣ್ಣು ಮೂಡುವುದು. ಮೆಕ್ಸಿಕೋದ ಚಿತ್ರಕಾರ ಡೇವಿಡ್ ಅಲ್ಫಾರೋ ಸಿಕೇರೋಸ್ 1930ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದರು. ಅವರದು ಅಕ್ರಿಲಿಕ್ ಅಲ್ಲ, ಕಾರಿಗೆ ಬಳಿಯುವ ಬಗೆಯ ಲ್ಯಾಕರ್. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವರು ನಡೆಸಿದ ಕಾರ್ಯಾಗಾರಕ್ಕೆ ಜ್ಯಾಕ್ಸನ್ ಪೊಲಾಕ್ ಕೂಡ ಹೋಗಿದ್ದರು; ಬಣ್ಣ ಚಿಮುಕಿಸಿ ಮಾಡಿದ ಚಿತ್ರಗಳಿಂದ ಮುಂದೆ ಪ್ರಸಿದ್ಧರಾದ ಈ ಅಮೆರಿಕದ ಚಿತ್ರಕಾರ ಆಗ ಇನ್ನೂ ಹೆಸರು ಮಾಡಿರಲಿಲ್ಲ. 2015ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಕರಿಯ ಮೇಲೆ ಬಿಳಿ ಸುರಿದು, ಇದು ತೂಕದ ವ್ಯತ್ಯಾಸದಿಂದಲೇ ಆಗುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಕಪ್‌ಗೆ ಯಾವ ಬಣ್ಣ ಮೊದಲು, ಯಾವುದು ಆಮೇಲೆ ಅಂತ ನಾವು ಪಕ್ಕದಲ್ಲೇ ನಿಂತು ಹೇಳುವುದು ಇದಕ್ಕೇ. ವಿನ್ಯಾಸ ನಿಮ್ಮ ಕೈಯಲ್ಲಿ ಹುಟ್ಟುತ್ತದೆ. ಅದು ಕೆಡದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ, ಮತ್ತು ಆ ಕೆಲಸ ನಮಗೆ ಚೆನ್ನಾಗಿ ಬರುತ್ತದೆ.

ಚಿತ್ರ ಅಂದೇ ಯಾಕೆ ಕೊಡುವುದಿಲ್ಲ? ನೀವು ಹೋದ ಮೇಲೂ ಬಣ್ಣ ಹರಿಯುತ್ತಲೇ ಇರುತ್ತದೆ. ಸ್ವಲ್ಪ ಓರೆಯಾದರೂ ಕಣ್ಣುಗಳು ಉದ್ದಕ್ಕೆ ಎಳೆದುಕೊಂಡು ಅಂಚಿಗೆ ಜಾರುತ್ತವೆ. ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದರೆ ಏನಾಗಬಹುದು, ಯೋಚಿಸಿ. ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ, ಮಗಳು ಹಟ ಮಾಡಿ ತೆಗೆದುಕೊಂಡು ಹೋದರು. ಮಳೆ ಹನಿ ಬೀಳದಿರಲಿ ಅಂತ ಮೇಲೆ ಪೇಪರ್ ಮುಚ್ಚಿದ್ದರು. ಪೇಪರ್ ಬಣ್ಣಕ್ಕೆ ಅಂಟಿಕೊಂಡಿತು. ಆ ಹುಡುಗಿಯ ಸಪ್ಪೆ ಮುಖ ನಮಗೆ ಇನ್ನೂ ಮರೆತಿಲ್ಲ.

ನಮ್ಮಲ್ಲಿ ಉಳಿದ ಚಿತ್ರವನ್ನು ರಸಮಟ್ಟ ಇಟ್ಟು ಸಮ ಮಾಡಿದ ಹಲಗೆಯ ಮೇಲೆ ಇಡುತ್ತೇವೆ. ಬಣ್ಣದ ಭಾರಕ್ಕೆ ಕ್ಯಾನ್ವಾಸ್ ನಡುವೆ ಜೋತು ಬೀಳದಿರಲಿ ಅಂತ ಹಿಂದೆ ರಟ್ಟು ಕೊಡುತ್ತೇವೆ. ಅಡಿಯ ಅಂಚಿನಲ್ಲಿ ಹನಿಗಳು ಕೂಡುತ್ತಿರುತ್ತವೆ. ಅವನ್ನು ಮತ್ತೆ ಮತ್ತೆ ಐಸ್‌ಕ್ರೀಂ ಕಡ್ಡಿಯಿಂದ ಒರೆಸಬೇಕು. ಬಿಟ್ಟರೆ ಅಲ್ಲೇ ಗಂಟಾಗುತ್ತವೆ, ಮೇಲಿನ ಬಣ್ಣವನ್ನೂ ಕೆಳಗೆ ಎಳೆಯುತ್ತವೆ. ಫ್ಯಾನ್ ಹಾಕಿ ಬೇಗ ಒಣಗಿಸಿ ಅನ್ನುವವರಿದ್ದಾರೆ. ಗಾಳಿ ಬಿಟ್ಟರೆ ಮೇಲ್ಪದರ ಮೊದಲೇ ಒಣಗಿ ಬಿರಿಯುತ್ತದೆ. ಜೂನ್ ಬಂದರೆ ನಮ್ಮ ಕರಾವಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಇಷ್ಟು ದಪ್ಪದ ಬಣ್ಣ ಒಣಗೀತೇ? ಅದಕ್ಕೇ ಕೋಣೆಯ ತೇವ ಎಳೆಯುವ ಯಂತ್ರ ತಂದಿದ್ದೇವೆ. ಹಗಲೂ ರಾತ್ರಿ ಓಡುತ್ತದೆ. ಕರೆಂಟ್ ಬಿಲ್ ಎಷ್ಟು ಬರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ನಿಮ್ಮ ಚಿತ್ರದ ಬಗ್ಗೆ ಚಿಂತೆ ಬೇಡ. ಹಿಂದೆ ನಿಮ್ಮ ಹೆಸರು, ತಾರೀಕು ಬರೆದಿರುತ್ತೇವೆ. ಮೂರನೇ ದಿನ ಫೋಟೋ ಕಳಿಸುತ್ತೇವೆ. ಒಣಗುವಾಗ ಬಿರುಕು ಬಿಟ್ಟರೆ ಇನ್ನೊಂದು ಕ್ಯಾನ್ವಾಸ್ ಕೊಡುತ್ತೇವೆ, ಬಂದು ಮತ್ತೆ ಸುರಿಯಿರಿ, ದುಡ್ಡು ಬೇಡ. ಪುತ್ತೂರು, ಕುಂದಾಪುರ ಕಡೆಯವರಿಗೆ ಕೊರಿಯರ್ ಮಾಡುತ್ತೇವೆ, ಪ್ಯಾಕಿಂಗ್ ಖರ್ಚು ನಮ್ಮದು. ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಕೊಡುವುದಿದ್ದರೆ ದಯವಿಟ್ಟು ಒಂದು ತಿಂಗಳು ಮುಂಚೆ ಬನ್ನಿ. 1,550 ಜಾಸ್ತಿ ಅನ್ನಿಸುವವರಿಗೆ 8 ಅಂಗುಲದ ಕ್ಯಾನ್ವಾಸ್ 750ಕ್ಕೆ ಇಟ್ಟಿದ್ದೇವೆ. ಕಲಿಸುವುದರಲ್ಲಿ ಏನೂ ಕಡಿಮೆ ಇಲ್ಲ, ಅಳತೆ ಮಾತ್ರ ಚಿಕ್ಕದು. ಮನೆಗೆ ಒಯ್ಯುವ ಕಿಟ್‌ನ ಬೆಲೆ ಸದ್ಯಕ್ಕೆ ಏರಿಸುತ್ತಿಲ್ಲ.

ಇನ್ನೂ ಏನಾದರೂ ಕೇಳುವುದಿದ್ದರೆ ಗ್ರೂಪಿನಲ್ಲಿ ಬರೆಯುವ ಬದಲು ಒಂದು ಫೋನ್ ಮಾಡಿ, ಇಲ್ಲವೇ ಬಂದು ಚಿತ್ರಗಳು ಒಣಗುವ ಕಪಾಟುಗಳನ್ನು ಕಣ್ಣಾರೆ ನೋಡಿ. ಮೇ ಕೊನೆಯ ಭಾನುವಾರದ ಬೆಳಗಿನ ಬ್ಯಾಚಿನಲ್ಲಿ ಎರಡು ಸೀಟು ಉಳಿದಿವೆ, ಹಳೆಯ ದರಕ್ಕೇ.

ಇಂತಿ,
ನಿಮ್ಮ ಸ್ಟುಡಿಯೋ ಬಳಗ, ಮಂಗಳೂರು