ಮೊದಲು ಆ ಪಕ್ಕದ ಬಾಗಿಲು ಹಾಕು

ಚಿ. ತಮ್ಮನಿಗೆ ಅಣ್ಣನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಫೋಟೋ ಬಂದಾಗ ಇಲ್ಲಿ ನಡುರಾತ್ರಿ, ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಕಂಪ್ಯೂಟರ್ ಬಿಸಿಯಾಗುತ್ತದೆ ಅಂತ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ, ಟೇಬಲ್ ಫ್ಯಾನ್ ತಿರುಗಿಸಿ ಇಟ್ಟಿದ್ದೀಯ. ಬಿಸಿ ಇಳಿಯುತ್ತದೆ, ಸುಳ್ಳಲ್ಲ. ಜೊತೆಗೆ ಕೋಣೆಯ ಧೂಳನ್ನೆಲ್ಲ ಸೋಸದೆ ನೇರ ಹೀಟ್‌ಸಿಂಕಿಗೆ, ಅಂದರೆ ಪ್ರೊಸೆಸರಿನ ಬಿಸಿ ಹೀರುವ ಲೋಹದ ರೆಕ್ಕೆಗಳಿಗೆ, ತೂರುತ್ತಿದ್ದೀಯ. ಆ ತೆಳು ರೆಕ್ಕೆಗಳ ಸಂದು ಕಟ್ಟಿಕೊಂಡ ಮೇಲೆ ಯಾವ ಫ್ಯಾನ್ ಇಟ್ಟರೂ ಗಾಳಿ ನುಸುಳುವುದಿಲ್ಲ.

ಬಾಗಿಲು ಬಿಚ್ಚಿರುವಾಗಲೇ ಒಂದು ಪರೀಕ್ಷೆ ಮಾಡಿಬಿಡು. ಟೇಬಲ್ ಫ್ಯಾನ್ ಆರಿಸಿ, ಭಾರದ ಆಟ ಅಥವಾ ವಿಡಿಯೋ ರೆಂಡರ್ 20 ನಿಮಿಷ ಓಡಿಸಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ತಾಪಮಾನ ಬರೆದಿಟ್ಟುಕೋ. ಬಾಗಿಲು ಹಾಕಿ ಅದನ್ನೇ ಇನ್ನೊಮ್ಮೆ ಮಾಡು. ಮುಚ್ಚಿದಾಗ ಐದಾರು ಡಿಗ್ರಿಗಿಂತ ಹೆಚ್ಚು ಏರಿದರೆ ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿಲ್ಲ. ಎರಡರಲ್ಲೂ ಒಂದೇ ಸಮ ವಿಪರೀತ ಬಿಸಿಯಿದ್ದರೆ ದೋಷ ಕೂಲರಿನಲ್ಲೇ (ಹೀಟ್‌ಸಿಂಕ್ ಮತ್ತು ಅದರ ಫ್ಯಾನ್): ಧೂಳು, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸುವ ಲೇಪ), ಇಲ್ಲವೇ ಸರಿಯಾಗಿ ಕೂರದ ಸ್ಕ್ರೂ. ಕೋಣೆಯ ಬಿಸಿಯನ್ನೂ ಪಕ್ಕದಲ್ಲಿ ಬರೆ. ಕೋಣೆ 25 ಡಿಗ್ರಿ ಇದ್ದಾಗ 70 ತೋರಿಸುವ ಪ್ರೊಸೆಸರ್, ಕೋಣೆ 35 ಆದಾಗ ಹತ್ತಿರ ಹತ್ತಿರ 80 ತೋರಿಸುತ್ತದೆ. ಅದಕ್ಕೆ ಧೂಳನ್ನು ಬೈದು ಪ್ರಯೋಜನವಿಲ್ಲ.

ಇನ್ನು ಧೂಳಿನ ವಿಚಾರ. ಅದನ್ನು ಒಳಗೆ ಹೊತ್ತು ತರುವುದು ಗಾಳಿ. ಎಷ್ಟು ಗಾಳಿ ಎಳೆದೆಯೋ ಅಷ್ಟು ಧೂಳು. ಹಾಗಾಗಿ ಗಾಳಿ ಎಲ್ಲಿಂದ ಬರಬೇಕು ಅನ್ನುವುದನ್ನು ನೀನು ತೀರ್ಮಾನಿಸಬೇಕು, ಮತ್ತು ಬೇಕಾದ್ದಕ್ಕಿಂತ ಹೆಚ್ಚು ಎಳೆಯಬಾರದು. ಒಳಗೆ ತಳ್ಳುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ, ಮಿಕ್ಕಿದ್ದು ಸಂದುಗೊಂದಿನಿಂದ ಹೊರಗೆ ಸೋರುತ್ತದೆ. ಒಳಬರುವುದೆಲ್ಲ ಫಿಲ್ಟರ್ ದಾಟಿಯೇ ಬರಬೇಕು. ಹೊರಗೆ ಎಳೆಯುವುದೇ ಹೆಚ್ಚಾದರೆ ಯುಎಸ್‌ಬಿ ಕಿಂಡಿ, ಕಾರ್ಡು ಕೂರಿಸುವ ಹಿಂದಿನ ಸ್ಲಾಟು, ಸ್ಕ್ರೂ ತೂತು, ಎಲ್ಲ ಕಡೆಯಿಂದಲೂ ಸೋಸದ ಗಾಳಿ ನುಗ್ಗುತ್ತದೆ.

ಮುಂದೆ 120 ಮಿಲಿಮೀಟರಿನ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಸಾಮಾನ್ಯ ಯಂತ್ರಕ್ಕೆ ಇಷ್ಟು ಧಾರಾಳ. ಫ್ಯಾನಿನ ಯಾವ ಬದಿಯಲ್ಲಿ ಮೋಟಾರನ್ನು ಹಿಡಿದ ಅಡ್ಡಕಡ್ಡಿಗಳಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ತಿರುವುಮುರುವಾಗಿ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಫಿಲ್ಟರ್ ಅಡ್ಡ ಬಂದರೆ ಗಾಳಿ ತಗ್ಗುತ್ತದೆ, ಆದ್ದರಿಂದ ಎರಡು ಒಳಕ್ಕೆ, ಎರಡು ಹೊರಕ್ಕೆ ಅಂತ ಲೆಕ್ಕ ಸಮ ಮಾಡಿದರೂ ನಿಜದಲ್ಲಿ ಹೊರಗೆಳೆಯುವುದೇ ಗೆಲ್ಲುತ್ತದೆ. ಪವರ್ ಸಪ್ಲೈ ಫ್ಯಾನ್ ಕೆಳಮುಖವಾಗಿದ್ದರೆ ಅದರ ಗಾಳಿ ಕೆಳಗಿನಿಂದ ಬಂದು ಹಿಂದೆ ಹೋಗುತ್ತದೆ, ಲೆಕ್ಕಕ್ಕಿಲ್ಲ. ಒಳಮುಖವಾಗಿದ್ದರೆ ಅದೂ ಕ್ಯಾಬಿನೆಟ್ಟಿನ ಗಾಳಿಯನ್ನೇ ಎಳೆದು ಹೊರಹಾಕುವ ಇನ್ನೊಂದು ಫ್ಯಾನ್. ಇದನ್ನು ಮರೆತವರೇ ಹೆಚ್ಚು. ಮೇಲ್ಗಡೆ ಮುಂದಿನ ತೂತಿಗೆ ಫ್ಯಾನ್ ಬೇಡವೇ ಬೇಡ: ಮುಂದಿನಿಂದ ಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರ್ ಮುಟ್ಟುವ ಮೊದಲೇ ಕದ್ದು ಹೊರಹಾಕುತ್ತದೆ. ಖಾಲಿ ಬಿಟ್ಟ ಮೇಲಿನ ಜಾಲರಿ ಮುಚ್ಚಿಡು, ಯಂತ್ರ ಆಫ್ ಇದ್ದಾಗಲೂ ಧೂಳು ಉದುರುವುದು ಅಲ್ಲಿಂದಲೇ.

ಲೆಕ್ಕ ಸರಿಯಾಯಿತೋ ಇಲ್ಲವೋ ನೋಡಲು ಟಿಶ್ಯೂ ಪೇಪರಿನ ತೆಳುವಾದ ಪಟ್ಟಿ ಸಾಕು. ಹಿಂದಿನ ಸ್ಲಾಟಿನ ಸಂದಿನ ಹತ್ತಿರ ಹಿಡಿ. ಹೊರಕ್ಕೆ ಹಾರಿದರೆ ಸರಿ. ಒಳಕ್ಕೆ ಅಂಟಿಕೊಂಡರೆ ಹಿಂದಿನ ಫ್ಯಾನಿನ ವೇಗ ತಗ್ಗಿಸು.

ವೇಗದ ಹೊಂದಾಣಿಕೆ ಬಯಾಸ್‌ನಲ್ಲೇ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಇರುತ್ತದೆ. ಪ್ರೊಸೆಸರ್ 60 ಡಿಗ್ರಿ ಮುಟ್ಟುವ ತನಕ ಮುಂದಿನವು 700-800 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), 80ಕ್ಕೆ ಬಂದಾಗ 1200. ಹಿಂದಿನದು ಪ್ರತಿ ಹಂತದಲ್ಲೂ ನೂರಿನ್ನೂರು ಕಡಿಮೆ. ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧ, ಧೂಳೂ ಹಾಗೆಯೇ. ಏರಿಳಿಕೆಗೆ ಕೆಲವು ಸೆಕೆಂಡ್ ತಡ ಇಡು, ಇಲ್ಲದಿದ್ದರೆ ಬ್ರೌಸರ್ ತೆರೆದಾಗಲೆಲ್ಲ ಗೊರ್ ಅನ್ನುತ್ತದೆ. ಮೂರು ಪಿನ್ನಿನ ಫ್ಯಾನ್ ಇದ್ದರೆ ಅದನ್ನು ಚುಚ್ಚಿದ ಮದರ್‌ಬೋರ್ಡಿನ ಹೆಡರನ್ನು (ಪಿನ್ನುಗಳ ಜಾಗ) ಬಯಾಸ್‌ನಲ್ಲಿ ಡಿಸಿ ಮೋಡಿಗೆ ಹಾಕು, ಅಂದರೆ ವೋಲ್ಟೇಜ್ ತಗ್ಗಿಸಿ ವೇಗ ಇಳಿಸುವ ಬಗೆ. ನಾಲ್ಕನೇ ಪಿನ್ನಿನ ಸಂಕೇತದಿಂದ ವೇಗ ಹೇಳುವ ಪಿಡಬ್ಲ್ಯೂಎಂ ಮೋಡಿನಲ್ಲಿ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ.

ಫಿಲ್ಟರ್ ಇಲ್ಲದ ಕ್ಯಾಬಿನೆಟ್ ಆದರೆ ಕಾಂತದ ಅಂಚಿರುವ ನೈಲಾನ್ ಜಾಲರಿ ಸಿಗುತ್ತದೆ. ಬಟ್ಟೆ, ಸ್ಪಾಂಜು ಕಟ್ಟಬೇಡ, ಉಸಿರು ಕಟ್ಟುತ್ತದೆ. ಕ್ಯಾಬಿನೆಟ್ಟನ್ನು ನೆಲದಿಂದ ಒಂದು ಗೇಣಾದರೂ ಮೇಲಿಡು, ಹಿಂದೆಯೂ ಅಷ್ಟೇ ಜಾಗ ಬಿಡು. ಖಾಲಿ ಸ್ಲಾಟುಗಳಿಗೆ ಪಟ್ಟಿ ಹಾಕು.

ಜಾಲರಿಯನ್ನು ಎರಡು ಮೂರು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ತುಂಬಿದ ಫಿಲ್ಟರ್ ಒಳಗಾಳಿಯನ್ನು ತಡೆಯುತ್ತದೆ, ಆಗ ಹೊರಗೆಳೆಯುವ ಫ್ಯಾನ್ ಮತ್ತೆ ಸಂದುಗಳಿಂದಲೇ ಗಾಳಿ ಎಳೆಯಲು ಶುರುಮಾಡುತ್ತದೆ. ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ತಲೆಕೆಳಗು.

ಒಳಗಿನ ಶುಚಿ ನಾಲ್ಕಾರು ತಿಂಗಳಿಗೊಮ್ಮೆ. ಶಟ್‌ಡೌನ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಒಳಗೆ ತರಬೇಡ, ಅದರ ತುದಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಮೆತ್ತನೆಯ ಬ್ರಷ್, ಏರ್ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರು, ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬ್ಲೋವರ್ ಬದಲು ಒತ್ತಿ ತುಂಬಿದ ಗಾಳಿಯ ಡಬ್ಬಿ ಬಳಸಿದರೆ ಅದನ್ನು ನೆಟ್ಟಗೆ ಹಿಡಿ, ಓರೆಯಾದರೆ ದ್ರವ ಚಿಮ್ಮುತ್ತದೆ. ಪ್ರೊಸೆಸರ್ ಕೂಲರಿನ ಫ್ಯಾನ್ ಕಳಚಿಯೇ ನೋಡು: ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯ ಹಾಗೆ ಕೂತ ಪದರ ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ಗಾಳಿ ಬರುವ ದಿಕ್ಕಿಗೆ ಎದುರಾಗಿ ಊದು. ಪವರ್ ಸಪ್ಲೈ ಮಾತ್ರ ಬಿಚ್ಚಬೇಡ ಕಣೋ, ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹೊರಗಿನಿಂದ ಊದಿದರೆ ಸಾಕು.

ಇಷ್ಟು ಮಾಡಿ ಮತ್ತೆ ಆ 20 ನಿಮಿಷದ ಪರೀಕ್ಷೆ ನಡೆಸಿ ಅಂಕಿ ಕಳಿಸು. ಆಮೇಲೂ ಪ್ರೊಸೆಸರ್ ಇಳಿಯದಿದ್ದರೆ ಪೇಸ್ಟ್ ಬದಲಿಸುವುದು ಹೇಗೆ ಅಂತ ಫೋನಿನಲ್ಲಿ ಹೇಳುತ್ತೇನೆ, ಅಲ್ಲಿಯ ತನಕ ಕೂಲರನ್ನು ಕೀಳಬೇಡ.

ಇಂತಿ,
ನಿನ್ನ ಅಣ್ಣ