ಹೆಡ್‌ಸೆಟ್ ಬದಲಿಸಿದರೂ ನಿಲ್ಲದ ಸಿಳ್ಳೆ: ಆಡಿಯೊ ಪ್ಯಾನಲ್ ಅಳವಡಿಕೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ನಮ್ಮ ತರಬೇತಿ ವಿಮಾನದಲ್ಲಿ ತಾವು ಅಳವಡಿಸಿದ ಆಡಿಯೊ ಪ್ಯಾನಲ್‌ನ ದೋಷ ಹಾಗೂ ಆ ಕಾರಣಕ್ಕೆ ನಮ್ಮಿಂದ ಕೊಳ್ಳಿಸಿದ ಹೆಡ್‌ಸೆಟ್‌ಗಳ ಕುರಿತು.

ಮಾನ್ಯರೇ,

ನಾನು ವಿಮಾನ ಚಾಲನೆ ಕಲಿಸುವ ಬೋಧಕ. ನಮ್ಮ ಒಂದೇ ಎಂಜಿನ್ನಿನ ವಿಮಾನಕ್ಕೆ ತಮ್ಮ ಕಾರ್ಯಾಗಾರದಲ್ಲಿ ರೇಡಿಯೊ ಮತ್ತು ಮೈಕ್‌ಗಳ ಧ್ವನಿಯನ್ನು ಹೆಡ್‌ಸೆಟ್‌ಗಳಿಗೆ ಹಂಚುವ ಹೊಸ ಆಡಿಯೊ ಪ್ಯಾನಲ್, ವಿಮಾನದೊಳಗೆ ಪರಸ್ಪರ ಮಾತಾಡುವ ಇಂಟರ್‌ಕಾಮ್ ಮತ್ತು ಮುಂದಿನ ಎರಡೂ ಆಸನಗಳಿಗೆ ಹೆಡ್‌ಸೆಟ್ ಚುಚ್ಚುವ ಹೊಸ ಜ್ಯಾಕ್‌ಗಳನ್ನು ಹಾಕಿಸಿಕೊಂಡ ನಂತರದ ಮೊದಲ ಹಾರಾಟದಲ್ಲೇ ಕಿವಿಯೊಳಗೆ ತೆಳುವಾದ ಸಿಳ್ಳೆಯೊಂದು ಶುರುವಾಯಿತು. ಎಂಜಿನ್ನಿನ ವೇಗ ಏರಿಸಿದರೆ ಅದರ ಸ್ವರವೂ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಇದನ್ನು ತಿಳಿಸಿದಾಗ ಹೆಡ್‌ಸೆಟ್‌ಗಳು ಹಳೆಯವು, ಬದಲಿಸಿ ಎಂಬ ಉತ್ತರ ಬಂತು. ತಮ್ಮಲ್ಲೇ ಎರಡು ಕೊಂಡು ಬದಲಿಸಿದೆವು. ಸಿಳ್ಳೆ ಹೋಗಲಿಲ್ಲ. ಆಮೇಲೆ, ಶಬ್ದವನ್ನು ವಿದ್ಯುನ್ಮಾನವಾಗಿ ತಗ್ಗಿಸುವ ಎಎನ್‌ಆರ್ ಮಾದರಿಯ ಹೆಡ್‌ಸೆಟ್‌ಗಳೇ ಇದಕ್ಕೆ ಪರಿಹಾರ ಎಂದು ತಮ್ಮ ಪ್ರತಿನಿಧಿ ಹೇಳಿದ್ದನ್ನು ನಂಬಿ ಅವನ್ನೂ ಕೊಂಡೆವು.

ಎಎನ್‌ಆರ್ ಹೆಡ್‌ಸೆಟ್‌ನಲ್ಲಿ ಸಿಳ್ಳೆ ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳಿಸಿತು. ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಆ ವ್ಯವಸ್ಥೆ ಹೊರಗಿನಿಂದ ಕಿವಿಬಟ್ಟಲಿನೊಳಗೆ ನುಸುಳುವ ಎಂಜಿನ್ನಿನ ಮತ್ತು ಪ್ರೊಪೆಲರ್‌ನ ಗುಡುಗನ್ನು, ಅದರಲ್ಲೂ ಕೆಳಸ್ವರದ ಸದ್ದನ್ನು ಅಡಗಿಸುತ್ತದೆಯೇ ಹೊರತು, ತಂತಿಯ ಮೂಲಕವೇ ಬರುವುದನ್ನು ನಾವು ಕೇಳಬೇಕಾದ ಮಾತೆಂದೇ ಎಣಿಸಿ ಹಾಗೆಯೇ ಬಿಡುತ್ತದೆ. ಸುತ್ತಲಿನ ಗದ್ದಲ ತಗ್ಗಿದ ಮೇಲೆ ಉಳಿದದ್ದು ಸಿಳ್ಳೆಯೊಂದೇ. ಇದು ಹೆಡ್‌ಸೆಟ್ ಮಾರುವವರಿಗೆ ತಿಳಿಯದ ಸಂಗತಿ ಎಂದು ನಂಬುವುದು ನನಗೆ ಕಷ್ಟವಾಗಿದೆ.

ಕೊನೆಗೆ ನಾವೇ ಒಂದೊಂದಾಗಿ ಪರೀಕ್ಷಿಸಿದೆವು. ರೇಡಿಯೊದ ಧ್ವನಿಯನ್ನು ಪೂರ್ತಿ ಇಳಿಸಿದರೂ ಸಿಳ್ಳೆ ಅಷ್ಟೇ ಇತ್ತು, ಆದ್ದರಿಂದ ಅದು ರೇಡಿಯೊ ಮೂಲಕ ಬರುತ್ತಿರಲಿಲ್ಲ. ನೆಲದ ಮೇಲೆ ಎಂಜಿನ್ ಓಡುತ್ತಿರುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್‌ನ ಸ್ವಿಚ್ ಆರಿಸಿದ ಕ್ಷಣ ನಿಂತಿತು. ಅದೇ ಹೆಡ್‌ಸೆಟ್‌ಗಳನ್ನು ಬೇರೆ ವಿಮಾನದಲ್ಲಿ ಚುಚ್ಚಿದಾಗ ಯಾವ ಸದ್ದೂ ಇಲ್ಲ. ಬಳಿಕ ಪರವಾನಗಿ ಹೊಂದಿದ ನಿರ್ವಹಣಾ ಎಂಜಿನಿಯರ್ ಒಬ್ಬರು ಬಲ ಆಸನದ ಜ್ಯಾಕ್‌ಗಳನ್ನು ಬಿಚ್ಚಿ ನೋಡಿದರು. ದಪ್ಪನೆಯ ಹೆಡ್‌ಫೋನ್ ಜ್ಯಾಕ್‌ಗೆ ಲೋಹದ ಫಲಕ ತಾಗದಂತೆ ಫೈಬರ್ ವಾಷರ್‌ಗಳಿದ್ದವು. ಅದರ ಪಕ್ಕದ ತೆಳು ಮೈಕ್ ಜ್ಯಾಕ್‌ಗೆ ಒಂದೂ ಇರಲಿಲ್ಲ. ಅವರು ಆ ಜ್ಯಾಕನ್ನು ರಂಧ್ರದಿಂದ ಹೊರಗೆಳೆದು ಬೆರಳಲ್ಲಿ ಹಿಡಿದುಕೊಂಡರೆ ಸಿಳ್ಳೆ ಇಲ್ಲ, ಫಲಕಕ್ಕೆ ಮುಟ್ಟಿಸಿದರೆ ಹಾಜರ್. ಮೈಕ್‌ನ ಗ್ರೌಂಡ್ ತಂತಿ, ಅಂದರೆ ವಿದ್ಯುತ್ ಮರಳುವ ತಂತಿ, ಆಡಿಯೊ ಪ್ಯಾನಲ್‌ನ ಬಳಿ ಮಾತ್ರ ವಿಮಾನದ ಮೈಗೆ ಸೇರಬೇಕು. ಇಲ್ಲಿ ಎರಡು ಕಡೆ ಸೇರಿ, ಆಲ್ಟರ್ನೇಟರ್‌ನ ಏರಿಳಿತ ಮೈಕ್ ತಂತಿಯೊಳಕ್ಕೆ ಹರಿಯುತ್ತಿತ್ತು. ಇದಕ್ಕಾಗಿ ನಾವು ನಾಲ್ಕು ಹೆಡ್‌ಸೆಟ್ ಕೊಂಡೆವು.

ಇದು ಬರಿಯ ಕಿರಿಕಿರಿಯ ವಿಷಯವೂ ಅಲ್ಲ. ಸಿಳ್ಳೆಗೇ ಇಂಟರ್‌ಕಾಮ್ ತೆರೆದುಕೊಂಡುಬಿಡದಂತೆ ಸಣ್ಣ ಸದ್ದುಗಳನ್ನು ತಡೆಹಿಡಿಯುವ ಸ್ಕ್ವೆಲ್ಚ್ ಗುಂಡಿಯನ್ನು ಬಹಳ ಏರಿಸಿ ಇಡಬೇಕಾಗುತ್ತಿತ್ತು, ಹಾಗೆ ಇಟ್ಟರೆ ಆಡಿದ ಮಾತಿನ ಮೊದಲ ಪದವನ್ನೇ ಅದು ನುಂಗಿಬಿಡುತ್ತಿತ್ತು. ಒಮ್ಮೆ ಇಳಿಯುವ ಹಾದಿಯಲ್ಲಿ ವೇಗ ಕುಸಿಯುತ್ತಿರುವುದನ್ನು ಕಂಡು "ವೇಗ ನೋಡಿ" ಎಂದೆ. ವಿದ್ಯಾರ್ಥಿಗೆ ಕೇಳಿಸಿದ್ದು "ನೋಡಿ" ಎಂದಷ್ಟೇ. ಅವರು ರನ್‌ವೇ ಮೇಲೆ ಏನೋ ಅಡ್ಡ ಬಂದಿದೆ ಎಂದುಕೊಂಡು ಮಾಪಕ ಬಿಟ್ಟು ಹೊರಗೆ ಹುಡುಕತೊಡಗಿದರು, ನಾನು ಕೂಡಲೇ ನಿಯಂತ್ರಣ ತೆಗೆದುಕೊಳ್ಳಬೇಕಾಯಿತು. ಅಂದಿನಿಂದ ಈ ವಿಮಾನದಲ್ಲಿ ಪಾಠ ನಿಲ್ಲಿಸಿದ್ದೇನೆ.

ಪರೀಕ್ಷೆಯ ವೇಳೆ ಇನ್ನೊಂದು ದೋಷವೂ ಕಂಡುಬಂತು, ನನ್ನ ಮಟ್ಟಿಗೆ ಇದೇ ಹೆಚ್ಚು ಗಂಭೀರ. ಪ್ಯಾನಲ್‌ಗೆ ವಿದ್ಯುತ್ ಕಡಿದುಹೋದರೆ ಎಡ ಆಸನದ ಹೆಡ್‌ಸೆಟ್ ತಾನಾಗಿಯೇ ಮೊದಲನೇ ರೇಡಿಯೊಗೆ ನೇರವಾಗಿ ಸೇರಿಕೊಳ್ಳಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಪ್ಯಾನಲ್ ಆರಿಸಿ ನೋಡಿದರೆ ಹೆಡ್‌ಸೆಟ್ ಪೂರ್ತಿ ಮೂಕ. ಕೇಳುವುದೂ ಇಲ್ಲ, ಮಾತಾಡುವುದೂ ಇಲ್ಲ. ಕೆಲಸ ಮುಗಿದ ದಿನ ಪ್ಯಾನಲ್ಲನ್ನು ಒಮ್ಮೆ ಆರಿಸಿ ನೋಡಿದ್ದರೂ ತಮ್ಮವರಿಗೆ ಇದು ತಿಳಿಯುತ್ತಿತ್ತು. ಆದರೂ ತಾವು ಕೊಟ್ಟ ಕೆಲಸದ ವರದಿಯಲ್ಲಿ "ಪರೀಕ್ಷಿಸಲಾಗಿದೆ, ಸರಿಯಿದೆ" ಎಂದು ಬರೆದು ಸಹಿ ಮಾಡಲಾಗಿದೆ.

ಆದ್ದರಿಂದ ಎರಡೂ ಆಸನಗಳ ಜ್ಯಾಕ್ ಮತ್ತು ಪ್ಯಾನಲ್‌ನ ತಂತಿಜೋಡಣೆಯನ್ನು ತಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಡಬೇಕು, ಪ್ಯಾನಲ್ ಆರಿಸಿದ ಸ್ಥಿತಿಯ ಪರೀಕ್ಷೆಯನ್ನು ನಮ್ಮ ಎಂಜಿನಿಯರ್ ಎದುರಿನಲ್ಲೇ ಮಾಡಿ ವಿಮಾನದ ಲಾಗ್‌ಬುಕ್ಕಿನಲ್ಲಿ ದಾಖಲಿಸಬೇಕು ಹಾಗೂ ಅನವಶ್ಯಕವಾಗಿ ಕೊಳ್ಳಿಸಿದ ನಾಲ್ಕೂ ಹೆಡ್‌ಸೆಟ್‌ಗಳನ್ನು ಹಿಂಪಡೆದು ಪೂರ್ತಿ ಹಣ ಮರಳಿಸಬೇಕೆಂದು ಕೋರುತ್ತೇನೆ. ಬಿಚ್ಚಿದ ಜ್ಯಾಕ್‌ಗಳ ಚಿತ್ರಗಳನ್ನೂ ಎಂಜಿನಿಯರ್ ಬರೆದುಕೊಟ್ಟ ಟಿಪ್ಪಣಿಯನ್ನೂ ಇದರೊಂದಿಗೆ ಲಗತ್ತಿಸಿದ್ದೇನೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಇವೇ ದಾಖಲೆಗಳನ್ನು ತಮ್ಮ ಕಾರ್ಯಾಗಾರಕ್ಕೆ ಅನುಮತಿ ನೀಡಿರುವ ವಿಮಾನಯಾನ ಪ್ರಾಧಿಕಾರಕ್ಕೆ ಸಲ್ಲಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ವಿಮಾನದ ಮಾಲೀಕ ಹಾಗೂ ಬೋಧಕ